ಅದ್ಭುತ ಕಥೆಯ ರಚನೆ

ಮಂಡ್ಯ ತಾಲ್ಲೂಕಿನ ಬಸರಾಳು ಗ್ರಾಮದಲ್ಲಿ ಮಲ್ಲಿಕಾರ್ಜುನ ದೇವಾಲಯವಿದೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಆಳ್ವಿಕೆಯಲ್ಲಿ, ಕ್ರಿ.ಶ. 1234ರ ಸುಮಾರಿನಲ್ಲಿ, ಹರಿಹರ ದಣ್ಣಾಯಕನು ಇದನ್ನು ಕಟ್ಟಿಸಿದನು. ದೇವಾಲಯದ ಹೊರಗೋಡೆಯ ಕೆಳಭಾಗದಲ್ಲಿ ಆನೆಗಳ ಸಾಲಿದೆ, ಕುದುರೆ ಸವಾರರ ಸಾಲಿದೆ, ಮಕರಗಳ ಸಾಲೂ ಇದೆ. ಆನೆಯನ್ನೂ ಕುದುರೆಯನ್ನೂ ಶಿಲ್ಪಿಯು ಕಣ್ಣಾರೆ ಕಂಡಿದ್ದನು. ಆದರೆ ಮಕರವನ್ನು ಕಂಡವರು ಯಾರು? ಅಂತಹ ಪ್ರಾಣಿಯು ಭೂಮಿಯ ಮೇಲೆ ಎಂದೂ ಬದುಕಿರಲಿಲ್ಲ. ಆದರೂ ನೋಡುವವನಿಗೆ ಅದು ಸುಳ್ಳೆಂದು ತೋರುವುದಿಲ್ಲ.

ಇದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಶಿಲ್ಪಸಂಪ್ರದಾಯದಲ್ಲಿ ಮಕರದ ಬಾಯಿ ಮೊಸಳೆಯದು, ಸೊಂಡಿಲು ಆನೆಯದು, ಬಾಲ ನವಿಲಿನದು. ಅಂಗಗಳೆಲ್ಲ ಕಂಡವು, ಅವುಗಳ ಕೂಡಿಕೆ ಮಾತ್ರ ಹೊಸದು. ಅದ್ಭುತ ಕಥೆಯನ್ನು ಕಟ್ಟುವವನ ಕೆಲಸವೂ ಇಂತಹುದೇ. ಕಲ್ಪನೆಯೆಂದರೆ ಮನಸ್ಸಿಗೆ ಬಂದುದನ್ನೆಲ್ಲ ಬರೆಯುವುದೆಂದು ಕೆಲವರು ತಿಳಿಯುವುದುಂಟು. ಆದರೆ ಮರವೊಂದು ಮಾತನಾಡಿತೆಂಬುದನ್ನು ಓದುಗನು ನಂಬಬೇಕಾದರೆ, ಅದರ ತೊಗಟೆಯ ಒರಟುತನವನ್ನೂ ನೆರಳಿನ ತಂಪನ್ನೂ ಅವನು ಮೊದಲು ಅನುಭವಿಸಿರಬೇಕು. ಕಂಡುದರ ಆಧಾರವಿಲ್ಲದೆ ಕಾಣದುದು ನಿಲ್ಲಲಾರದು.

ಎರಡನೆಯದಾಗಿ, ಕಲ್ಪನೆಯ ಲೋಕಕ್ಕೂ ಕಟ್ಟಳೆಗಳಿರಬೇಕು. ಅದೇ ದೇವಾಲಯದ ಶಿಲ್ಪಗಳಲ್ಲಿ ಅರ್ಜುನನ ಮತ್ಸ್ಯಭೇದನದ ಪ್ರಸಂಗವಿದೆ. ನಮ್ಮಲ್ಲಿ ಪ್ರಚಲಿತವಾದ ಕಥೆಯಂತೆ, ಮೇಲೆ ತಿರುಗುವ ಮೀನನ್ನು ಕೆಳಗಿನ ನೀರಿನಲ್ಲಿ ಮೂಡಿದ ಪ್ರತಿಬಿಂಬವನ್ನು ನೋಡಿಯೇ ಹೊಡೆಯಬೇಕು. ತಲೆಯೆತ್ತಿ ಗುರಿಯಿಡುವ ಅವಕಾಶವಿದ್ದಿದ್ದರೆ ಆ ಸ್ವಯಂವರದಲ್ಲಿ ಕುತೂಹಲವೇ ಉಳಿಯುತ್ತಿರಲಿಲ್ಲ. ಕಟ್ಟಳೆಯು ಕಠಿಣವಾದಷ್ಟೂ ವೀರನ ಸಾಹಸಕ್ಕೆ ಬೆಲೆ ಹೆಚ್ಚುತ್ತದೆ. ಕಷ್ಟ ಬಂದೊಡನೆ ನಾಯಕನ ಕೈಗೆ ಹೊಸದೊಂದು ಮಂತ್ರದಂಡವನ್ನು ಕೊಡುವ ಕಥೆಗಾರನು ತನ್ನ ಕಥೆಯನ್ನು ತಾನೇ ಕೆಡಿಸಿಕೊಳ್ಳುತ್ತಾನೆ. ಏನು ಬೇಕಾದರೂ ನಡೆಯಬಹುದಾದ ಲೋಕದಲ್ಲಿ ಯಾವುದಕ್ಕೂ ಅರ್ಥವಿರುವುದಿಲ್ಲ.

ಆದರೆ ಲೋಕವೊಂದನ್ನು ನಿರ್ಮಿಸಿದ ಮಾತ್ರಕ್ಕೆ ಕಥೆಯು ಪೂರ್ಣವಾಗುವುದಿಲ್ಲ. ಅದರಲ್ಲಿ ಬಾಳುವ ಪಾತ್ರಗಳು ಬೇಕು. ಪಾತ್ರಗಳು ಹೇಗಿರಬೇಕೆಂಬುದಕ್ಕೆ ಈ ಜಿಲ್ಲೆಯಲ್ಲಿಯೇ ಹಿರಿದಾದ ನಿದರ್ಶನವೊಂದು ದೊರೆಯುತ್ತದೆ. ಅದು ನೀಲಗಾರರು ತಂಬೂರಿ, ಗಗ್ಗರ, ತಾಳಗಳೊಡನೆ ರಾತ್ರಿಯೆಲ್ಲ ಹಾಡುವ ಮಂಟೇಸ್ವಾಮಿ ಕಾವ್ಯ. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಹರಿದು ಬಂದ ಈ ಕಾವ್ಯವನ್ನು ಹಿ. ಚಿ. ಬೋರಲಿಂಗಯ್ಯನವರು ಸಂಪಾದಿಸಿದರು; ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ಅದನ್ನು ಪ್ರಕಟಿಸಿತು. ಮಂಟೇಸ್ವಾಮಿಯ ಗದ್ದುಗೆಯು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ. ಭಕ್ತರಿಗೆ ಈ ಕಾವ್ಯವು ದೈವಚರಿತ್ರೆ. ಕಥನಕಲೆಯನ್ನು ಅಭ್ಯಸಿಸುವವರಿಗೆ ಇದೊಂದು ಪಾಠಶಾಲೆಯೂ ಹೌದು.

ಈ ಕಾವ್ಯದಲ್ಲಿ ಪವಾಡಗಳಿಗೆ ಕೊರತೆಯಿಲ್ಲ. ಆದರೂ ಕೇಳುವವರ ಮನಸ್ಸನ್ನು ಸೆರೆಹಿಡಿಯುವವನು ಕೆಂಪಾಚಾರಿ. ಇವನು ಮದ್ದೂರು ತಾಲ್ಲೂಕಿನ ನಿಡಘಟ್ಟದ ಆಚಾರಿಯ ಮಗ. ಕುಲುಮೆಯ ಬೆಂಕಿಯನ್ನು ನೋಡುತ್ತ ಬೆಳೆದವನು. ತಂದೆತಾಯಿಗಳು ಒಲ್ಲೆವೆಂದರೂ ಗುರುವು ಅವನನ್ನು ಶಿಷ್ಯನನ್ನಾಗಿ ಪಡೆಯುತ್ತಾನೆ. ಮುಂದೆ ಸಿದ್ದಪ್ಪಾಜಿ ಎಂದು ಹೆಸರಾದ ಈ ಶಿಷ್ಯನಿಗೆ ಗುರುವು ವಿಚಿತ್ರವಾದೊಂದು ಕೆಲಸವನ್ನು ಒಪ್ಪಿಸುತ್ತಾನೆ: ಹಲಗೂರಿನ ಪಾಂಚಾಳರಲ್ಲಿಗೆ ಹೋಗಿ ಕಬ್ಬಿಣದ ಭಿಕ್ಷೆಯನ್ನು ಬೇಡಿ ತರಬೇಕು.

ಈ ಸನ್ನಿವೇಶದ ಬಿಗಿಯನ್ನು ಗಮನಿಸಿರಿ. ಕಬ್ಬಿಣದ ಕೆಲಸದವರ ಮನೆಯಲ್ಲಿ ಹುಟ್ಟಿದವನು, ಕಬ್ಬಿಣದ ಕೆಲಸದವರ ಬಾಗಿಲಲ್ಲಿಯೇ ಕಬ್ಬಿಣವನ್ನು ಬೇಡಬೇಕಾಗಿದೆ. ಒಂದು ಕಡೆ ತಾನು ಬಿಟ್ಟುಬಂದ ಕುಲಕಸುಬು, ಮತ್ತೊಂದು ಕಡೆ ತಾನು ಒಪ್ಪಿಕೊಂಡ ಗುರುವಿನ ಮಾತು. ಬೇಡದೆ ಹಿಂದಿರುಗಿದರೆ ಶಿಷ್ಯತ್ವವಿಲ್ಲ. ಬೇಡಿದರೆ ತನ್ನವರ ಮುಂದೆಯೇ ಕೈಯೊಡ್ಡಿದಂತಾಗುತ್ತದೆ. ಹಲಗೂರಿನವರು ಅವನನ್ನು ಕಠಿಣವಾದ ಪರೀಕ್ಷೆಗಳಿಗೆ ಗುರಿಮಾಡುತ್ತಾರೆ. ಅವನು ಅವುಗಳನ್ನೆಲ್ಲ ಗೆಲ್ಲುವುದು ಪವಾಡ. ಆದರೆ ಅವನು ಅಲ್ಲಿಗೆ ಹೋಗಲು ಒಪ್ಪಿದ್ದು ಪಾತ್ರ. ಪವಾಡವು ಕೇಳುವವನನ್ನು ಬೆರಗುಗೊಳಿಸುತ್ತದೆ, ಪಾತ್ರವು ಅವನನ್ನು ಬೆಳಗಿನವರೆಗೂ ಎಚ್ಚರವಾಗಿರಿಸುತ್ತದೆ.

ಎದುರಾಳಿಯ ವಿಷಯದಲ್ಲಿಯೂ ಈ ಪ್ರಸಂಗದಿಂದ ಕಲಿಯತಕ್ಕದ್ದಿದೆ. ಕಬ್ಬಿಣವೆಂದರೆ ಕಮ್ಮಾರನ ಅನ್ನ. ಕೇಳಿದವರಿಗೆಲ್ಲ ಅದನ್ನು ಕೊಟ್ಟರೆ ಕುಲುಮೆಯು ನಿಲ್ಲುತ್ತದೆ. ಹೀಗೆ ಯೋಚಿಸಿದಾಗ, ಇಲ್ಲವೆಂದವರ ಮಾತಿಗೂ ಒಂದು ಕಾರಣವು ಕಾಣುತ್ತದೆ. ಎದುರಾಳಿಯನ್ನು ಬರಿಯ ದುಷ್ಟನನ್ನಾಗಿ ಚಿತ್ರಿಸುವುದು ಸುಲಭ. ಅವನಿಗೂ ಅವನದೇ ಆದ ನ್ಯಾಯವನ್ನು ಕೊಡುವುದು ಕಷ್ಟ. ಆ ಕಷ್ಟವನ್ನು ಕೈಗೊಂಡ ಕಥೆಯಲ್ಲಿ ಮಾತ್ರ ನಾಯಕನ ಗೆಲುವಿಗೆ ತೂಕವಿರುತ್ತದೆ.

ದೂರದ ದೇಶಗಳ ಕಥೆಗಾರರೂ ಇದೇ ದಾರಿಯಲ್ಲಿ ನಡೆದಿದ್ದಾರೆ. ಇಂಗ್ಲೆಂಡಿನ ಜೆ. ಆರ್. ಆರ್. ಟೋಲ್ಕಿನ್ 1937ರಲ್ಲಿ ಪ್ರಕಟಿಸಿದ ‘ದಿ ಹಾಬಿಟ್’ ಎಂಬ ಕಥೆಯಲ್ಲಿ ಘಟಸರ್ಪವಿದೆ, ಮಂತ್ರವಾದಿಯಿದ್ದಾನೆ, ಧರಿಸಿದವನನ್ನು ಮರೆಮಾಡುವ ಉಂಗುರವಿದೆ. ಆ ಲೋಕಕ್ಕೆ ಅವರು ನಕ್ಷೆಗಳನ್ನೂ ಬರೆದರು, ಭಾಷೆಗಳನ್ನೂ ರೂಪಿಸಿದರು. ಆದರೆ ಇಷ್ಟೆಲ್ಲದರ ನಡುವೆ ನಾಯಕನಾಗಿ ಅವರು ಆರಿಸಿಕೊಂಡುದು ಹೊತ್ತುಹೊತ್ತಿಗೆ ಊಟವನ್ನೂ ಬೆಚ್ಚನೆಯ ಮನೆಯನ್ನೂ ಬಯಸುವ ಕುಳ್ಳನೊಬ್ಬನನ್ನು. ಅವನು ಅಂಜುತ್ತಾನೆ, ಮನೆಯನ್ನು ನೆನೆದು ಹಂಬಲಿಸುತ್ತಾನೆ. ಆದರೂ ಮುಂದೆ ಹೆಜ್ಜೆಯಿಡುತ್ತಾನೆ. ಅಂಜಿಕೆಯೇ ಇಲ್ಲದವನ ಧೈರ್ಯದಲ್ಲಿ ಹೆಚ್ಚುಗಾರಿಕೆಯೇನು?

ಆದುದರಿಂದ ಅದ್ಭುತ ಕಥೆಯನ್ನು ಬರೆಯಲು ಹೊರಟವರು ಮೊದಲು ತಮ್ಮ ಸುತ್ತಲಿನ ಮನುಷ್ಯರನ್ನು ನೋಡಬೇಕು. ಕಬ್ಬಿನ ಗದ್ದೆಗೆ ರಾತ್ರಿ ನೀರು ಹಾಯಿಸುವವನಿಗೂ, ಸಂತೆಯಲ್ಲಿ ಸೊಪ್ಪು ಮಾರುವವಳಿಗೂ ಒಂದು ಆಸೆ ಇರುತ್ತದೆ, ಒಂದು ಅಂಜಿಕೆ ಇರುತ್ತದೆ, ಯಾರಿಗೂ ಹೇಳದ ಒಂದು ಮಾತಿರುತ್ತದೆ. ತಾನು ಸೃಷ್ಟಿಸಲಿರುವ ಪಾತ್ರಕ್ಕೆ ಏನು ಬೇಕು, ಅದನ್ನು ಪಡೆಯಲು ಅಡ್ಡಿಯೇನು, ಅದಕ್ಕಾಗಿ ಅವನು ಏನನ್ನು ಬಿಟ್ಟುಕೊಡಬೇಕು ಎಂಬ ಮೂರು ಪ್ರಶ್ನೆಗಳನ್ನು ಕಥೆಗಾರನು ಕೇಳಿಕೊಳ್ಳಬೇಕು. ಉತ್ತರ ದೊರೆತ ಮೇಲೆ ಅವನನ್ನು ಯಾವ ಲೋಕಕ್ಕೆ ಕಳುಹಿಸಿದರೂ ಓದುಗನು ಅವನೊಡನೆ ನಡೆಯುತ್ತಾನೆ. ಕಥೆಯಲ್ಲಿ ಆಕಾಶಕ್ಕೆ ಏಣಿ ಹಾಕಬಹುದು. ಆದರೆ ಏಣಿಯ ಬುಡವು ನೆಲದ ಮೇಲೆಯೇ ಊರಿರಬೇಕು.