ಹತ್ತು ರೂಪಾಯಿಯ ವಾಷರ್, ಮುನ್ನೂರರ ರಿಪೇರಿ

ಮುಂಬಯಿಯ ಸಾಂತಾಕ್ರೂಜ್ ಸ್ಟೇಷನ್ನಿನಲ್ಲಿ ಪೂರ್ವಕ್ಕಾದರೂ ಇಳಿಯಿರಿ, ಪಶ್ಚಿಮಕ್ಕಾದರೂ ಇಳಿಯಿರಿ, ಕಣ್ಣಿಗೆ ಬಿದ್ದ ಮೊದಲ ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಇಂಚಿನ ನಲ್ಲಿಗೆ ಒಂದು ರಬ್ಬರ್ ವಾಷರ್ ಕೇಳಿ. ಐದೋ ಹತ್ತೋ ರೂಪಾಯಿ. ಅದನ್ನು ಹಾಕಿಕೊಡಲು ಪ್ಲಂಬರ್ ನಿಮ್ಮ ಮನೆಯ ಮೆಟ್ಟಿಲು ಹತ್ತಿದನೆಂದರೆ ಇನ್ನೂರು, ಮುನ್ನೂರು, ಕೆಲವೆಡೆ ಐನೂರು. ಅದೂ ಅವನು ಬಂದರೆ. ಇಷ್ಟು ಸಣ್ಣ ಕೆಲಸಕ್ಕೆ ಅರ್ಧ ದಿನ ಕಳೆಯಲು ಅವನಿಗೂ ಮನಸ್ಸಿಲ್ಲ, ಕೊಡಲು ನಮಗೂ ಮನಸ್ಸಿಲ್ಲ. ನಡುವೆ ನಲ್ಲಿ ತನ್ನ ಪಾಡಿಗೆ ತಾನು ತೊಟ್ಟಿಕ್ಕುತ್ತಿರುತ್ತದೆ.

ಸುಮ್ಮನಿರುವುದಕ್ಕೆ ನಮ್ಮ ಬಳಿ ಗಟ್ಟಿ ಆರ್ಥಿಕ ಕಾರಣವೂ ಇದೆ. ಮುಂಬಯಿ ಮಹಾನಗರ ಪಾಲಿಕೆ ವಸತಿ ಕಟ್ಟಡಗಳಿಗೆ ಸಾವಿರ ಲೀಟರ್ ನೀರಿಗೆ ಹಾಕುವ ದರ ಹತ್ತು ರೂಪಾಯಿಯನ್ನೂ ಮುಟ್ಟುವುದಿಲ್ಲ. ಅದರ ಮೇಲೆ ಶೇ 70ರಷ್ಟು ಒಳಚರಂಡಿ ಶುಲ್ಕ. ಮೀಟರ್ ಇರುವುದಾದರೂ ಇಡೀ ಕಟ್ಟಡಕ್ಕೆ ಒಂದು, ಬಿಲ್ಲು ಎಲ್ಲ ಮನೆಗಳಿಗೂ ಹಂಚಿಕೆ. ತಿಂಗಳಿಡೀ ಸೋರಿದ ನೀರಿನಲ್ಲಿ ನಿಮ್ಮ ಪಾಲು ಕೆಲವೇ ಪೈಸೆ. ಈ ಲೆಕ್ಕದಲ್ಲಿ ರಿಪೇರಿ ಮಾಡಿಸುವವನೇ ದಡ್ಡ.

ಹಾಗಾದರೆ ಸೋರುವುದು ನಿಜಕ್ಕೂ ಎಷ್ಟು? ಸೆಕೆಂಡಿಗೆ ಒಂದು ಹನಿ ಬಿದ್ದರೆ ತಿಂಗಳಿಗೆ ಸಾವಿರ ಲೀಟರ್ ಎಂಬ ಮಾತನ್ನು ನೀರುಳಿಸುವ ಭಿತ್ತಿಪತ್ರಗಳಲ್ಲಿ ಓದಿರುತ್ತೀರಿ. ದಿನಕ್ಕೆ 86,400 ಸೆಕೆಂಡು, ಅಷ್ಟೇ ಹನಿ. ಅಲ್ಲಿಗೆ ಎಲ್ಲವೂ ಒಂದು ಹನಿಯ ಗಾತ್ರದ ಮೇಲೆ ನಿಂತಿತು. 1864ರಲ್ಲಿ ಥಾಮಸ್ ಟೇಟ್ ಎಂಬಾತ ಇದಕ್ಕೊಂದು ನಿಯಮ ಹೇಳಿದ: ಹನಿಯ ತೂಕ ಅದು ಜೋತುಬಿದ್ದ ಬಾಯಿಯ ಸುತ್ತಳತೆಯನ್ನೂ ದ್ರವದ ಮೇಲ್ಮೈ ಸೆಳೆತವನ್ನೂ ಅವಲಂಬಿಸಿರುತ್ತದೆ. ಕಣ್ಣಿಗೆ ಹಾಕುವ ಔಷಧದ ತೆಳು ನಳಿಕೆಯಿಂದ ಬೀಳುವ ಹನಿ ಸುಮಾರು 0.05 ಮಿಲಿಲೀಟರ್. ಅಗಲ ಬಾಯಿಯ ನಲ್ಲಿಯಿಂದ ಬೀಳುವುದು ಅದರ ಮೂರು ಪಟ್ಟಿರಬಹುದು, ಐದು ಪಟ್ಟೂ ಇರಬಹುದು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹನಿಗೆ ಕಾಲು ಮಿಲಿಲೀಟರ್ ಎಂದು ಹಿಡಿಯುತ್ತದೆ. ಆ ಪ್ರಕಾರ ದಿನಕ್ಕೆ 21.6 ಲೀಟರ್, ತಿಂಗಳಿಗೆ 650 ಲೀಟರಿನ ಆಸುಪಾಸು. ಅದೇ ದೇಶದ ಪರಿಸರ ಸಂರಕ್ಷಣಾ ಸಂಸ್ಥೆ ವರ್ಷಕ್ಕೆ 3,000 ಗ್ಯಾಲನ್ ಎನ್ನುತ್ತದೆ. ತಿಂಗಳಿಗೆ ಇಳಿಸಿದರೆ ಸುಮಾರು 950 ಲೀಟರ್. ಒಂದೇ ಸರ್ಕಾರದ ಎರಡು ಕಚೇರಿಗಳಿಗೆ ಎರಡು ಹನಿ! ಭಿತ್ತಿಪತ್ರದ ಸಾವಿರ ಲೀಟರ್ ತುಸು ಧಾರಾಳವಾದ ಅಂದಾಜು ಎಂದೇ ನನ್ನ ಅನಿಸಿಕೆ. ನಂಬಬೇಕಾದದ್ದು ನಿಮ್ಮ ಮನೆಯ ಅಳತೆಯನ್ನು. ಒಂದು ಗಂಟೆ ಅಳತೆಯ ಪಾತ್ರೆ ಇಟ್ಟು, ಬಂದದ್ದನ್ನು 720ರಿಂದ ಗುಣಿಸಿದರೆ ತಿಂಗಳ ಲೆಕ್ಕ ಕೈಗೆ ಬರುತ್ತದೆ.

ಹನಿಗಳ ನಡುವಿನ ಬಿಡುವನ್ನೂ ಪೂರ್ತಿ ನಂಬುವಂತಿಲ್ಲ. ಸಾಂತಾಕ್ರೂಜ್ ಹೆಸರಿನದೇ ಇನ್ನೊಂದು ಊರು ಕ್ಯಾಲಿಫೋರ್ನಿಯದಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಶಾ ಮತ್ತು ಸಂಗಡಿಗರು ಸೋರುವ ನಲ್ಲಿಯನ್ನೇ ಪ್ರಯೋಗದ ವಸ್ತುವಾಗಿಸಿಕೊಂಡು ಒಂದು ಹನಿಗೂ ಮುಂದಿನ ಹನಿಗೂ ಇರುವ ಅಂತರವನ್ನು ಅಳೆದರು. ಹರಿವು ತೀರಾ ಕಡಿಮೆ ಇದ್ದಾಗ ಹನಿಗಳು ತಾಳ ತಪ್ಪದೆ ಬೀಳುತ್ತವೆ. ತುಸು ಹೆಚ್ಚಿಸಿದರೆ ಒಂದು ಗಿಡ್ಡ, ಒಂದು ಉದ್ದ ಎಂದು ಜೋಡಿಯಾಗುತ್ತವೆ. ಇನ್ನಷ್ಟು ತಿರುಗಿಸಿದರೆ ಮುಂದಿನ ಹನಿ ಯಾವಾಗ ಎಂದು ಯಾರೂ ಹೇಳಲಾರರು. ಶಾ 1984ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದರು. ಕೇಯಾಸ್ ಸಿದ್ಧಾಂತ ಓದುವವರಿಗೆ ಅದು ಪರಿಚಿತ. ಟಪ್ ಟಪ್ ಸದ್ದಿನ ಗುಟ್ಟು ಬಯಲಾದದ್ದು ಇನ್ನೂ ಈಚೆಗೆ, 2018ರಲ್ಲಿ. ಕೇಂಬ್ರಿಜ್‌ನ ಅನುರಾಗ್ ಅಗರ್ವಾಲ್ ಮತ್ತು ಜೊತೆಗಾರರು ವೇಗದ ಕ್ಯಾಮೆರಾ ಇಟ್ಟು ನೋಡಿದಾಗ, ಸದ್ದು ಹುಟ್ಟುವುದು ಹನಿ ನೀರಿಗೆ ಅಪ್ಪಳಿಸುವುದರಿಂದಲ್ಲ, ಆ ಹೊಡೆತದಲ್ಲಿ ನೀರೊಳಗೆ ಸಿಕ್ಕಿಕೊಂಡ ಪುಟ್ಟ ಗಾಳಿಗುಳ್ಳೆಯ ಕಂಪನದಿಂದ ಎಂದು ಕಂಡಿತು. ಪ್ಲಂಬರ್ ಬರುವತನಕ ನಿದ್ದೆ ಬೇಕಿದ್ದರೆ ಕೆಳಗಿನ ಬಕೆಟ್ಟಿನ ನೀರಿಗೆ ಒಂದಿಷ್ಟು ಪಾತ್ರೆ ತೊಳೆಯುವ ಸೋಪು ಹಾಕಿ, ಸದ್ದು ನಿಲ್ಲುತ್ತದೆ. ಸೋರಿಕೆ ನಿಲ್ಲುವುದಿಲ್ಲ.

ಪ್ಲಂಬರ್ ಬರುವುದೇ ಇಲ್ಲಿನ ನಿಜವಾದ ಖರ್ಚು ಎಂಬುದನ್ನು ಮುಂಬಯಿಯಲ್ಲಿ ಸ್ಪಷ್ಟವಾಗಿ ಕಂಡವರು ಇಂಜಿನಿಯರರಲ್ಲ, ಒಬ್ಬ ಲೇಖಕ. 1935ರಲ್ಲಿ ಹುಟ್ಟಿದ ಆಬಿದ್ ಸುರ್ತಿ ಗುಜರಾತಿ, ಹಿಂದಿಗಳಲ್ಲಿ ಕಾದಂಬರಿ ಬರೆದವರು, ಚಿತ್ರಕಾರರು, 'ಬಹಾದೂರ್' ಕಾಮಿಕ್ಸ್ ನಾಯಕನನ್ನು ಸೃಷ್ಟಿಸಿದವರು. ಸಾಂತಾಕ್ರೂಜ್‌ನಿಂದ ಇದೇ ಪಶ್ಚಿಮ ರೈಲುಮಾರ್ಗದಲ್ಲಿ ಉತ್ತರಕ್ಕೆ ಹೋದರೆ ಸಿಗುವ ಮೀರಾ ರೋಡ್ ಅವರ ಊರು. ಗೆಳೆಯರ ಮನೆಯಲ್ಲಿ ನಲ್ಲಿ ಸೋರುವುದನ್ನು ಕಂಡು ಕೇಳಿದರೆ ಬರುತ್ತಿದ್ದ ಉತ್ತರ ಒಂದೇ: ಇಷ್ಟಕ್ಕೆಲ್ಲ ಪ್ಲಂಬರ್ ಬರುವುದಿಲ್ಲ. 2007ರಲ್ಲಿ ಉತ್ತರ ಪ್ರದೇಶದ ಹಿಂದಿ ಸಂಸ್ಥಾನದಿಂದ ಬಂದ ಒಂದು ಲಕ್ಷ ರೂಪಾಯಿಯ ಪ್ರಶಸ್ತಿ ಹಣದಲ್ಲಿ ಅವರು 'ಡ್ರಾಪ್ ಡೆಡ್ ಫೌಂಡೇಷನ್' ಆರಂಭಿಸಿದರು. ಪ್ರತಿ ಭಾನುವಾರ ಒಬ್ಬ ಪ್ಲಂಬರ್, ಒಬ್ಬ ಸ್ವಯಂಸೇವಕಿಯ ಜೊತೆ ಒಂದು ಕಟ್ಟಡಕ್ಕೆ ಹೋಗುವುದು, ಮನೆಮನೆಯ ಬಾಗಿಲು ತಟ್ಟುವುದು, ಸೋರುವ ನಲ್ಲಿಯನ್ನು ಪುಕ್ಕಟೆ ಸರಿಮಾಡುವುದು. ಮೊದಲ ವರ್ಷ 1,666 ಮನೆ, 414 ನಲ್ಲಿ, ಉಳಿದ ನೀರು 4.14 ಲಕ್ಷ ಲೀಟರ್ ಎಂದು ದಾಖಲಾಗಿದೆ. ಕೊನೆಯ ಅಂಕಿ ನಲ್ಲಿಗೆ ಸಾವಿರ ಲೀಟರಿನಂತೆ ಗುಣಿಸಿದ್ದು ಎಂಬುದು ನೋಡಿದರೇ ಗೊತ್ತಾಗುತ್ತದೆ. ಅದನ್ನು ಮೂರನೇ ಎರಡಕ್ಕೆ ಇಳಿಸಿಕೊಂಡರೂ ನನಗೆ ತಕರಾರಿಲ್ಲ. ಮುಖ್ಯವಾದದ್ದು ಮೊದಲ ಎರಡು ಅಂಕಿ: ಸರಾಸರಿ ನಾಲ್ಕು ಮನೆ ತಟ್ಟಿದರೆ ಒಂದು ಸೋರುವ ನಲ್ಲಿ. ಒಂದೇ ಕಟ್ಟಡದಲ್ಲಿ ಹತ್ತು ನಲ್ಲಿ ಸರಿಮಾಡುವ ಪ್ಲಂಬರನಿಗೆ ಓಡಾಟ ಒಂದೇ ಸಲ. ಸುರ್ತಿ ಹಂಚಿದ್ದು ವಾಷರನ್ನಲ್ಲ, ಆ ಓಡಾಟದ ಖರ್ಚನ್ನು.

ಸೋರಿಕೆ ಹುಟ್ಟುವುದು ಎಲ್ಲಿ ಎಂದು ತಿಳಿಯಲು ಹಳೆಯ ತಿರುಗಣೆ ನಲ್ಲಿಯನ್ನು ಬಿಚ್ಚಬೇಕು. 1845ರಲ್ಲಿ ಇಂಗ್ಲೆಂಡಿನ ರಾದರ್‌ಹ್ಯಾಮ್‌ನ ಗೆಸ್ಟ್ ಅಂಡ್ ಕ್ರೈಮ್ಸ್ ಎಂಬ ಹಿತ್ತಾಳೆ ಎರಕದ ಕಂಪನಿ ಪೇಟೆಂಟ್ ಪಡೆದ ವಿನ್ಯಾಸವೇ ಸ್ವಲ್ಪ ಹೆಚ್ಚುಕಮ್ಮಿ ಇಂದಿಗೂ ನಡೆದಿದೆ. ವಿಹಾರ್ ಕೆರೆ ಕಟ್ಟಿ ಮುಂಬಯಿಗೆ ಕೊಳವೆ ನೀರು ಹರಿದ 1860ಕ್ಕೆ ಹದಿನೈದು ವರ್ಷ ಮೊದಲಿನ ಮಾತು. ಹಿಡಿ ತಿರುಗಿಸಿದರೆ ಸ್ಪಿಂಡಲ್ ಎಂಬ ತಿರುಪಿನ ಕಡ್ಡಿ ಕೆಳಗಿಳಿದು, ತುದಿಯಲ್ಲಿರುವ ವಾಷರನ್ನು ಹಿತ್ತಾಳೆಯ ಒಂದು ಉಂಗುರದ ಮೇಲೆ ಒತ್ತುತ್ತದೆ. ಆ ಉಂಗುರಕ್ಕೆ ಸೀಟ್ ಎನ್ನುತ್ತಾರೆ. ರಬ್ಬರ್ ಹಳತಾಗಿ ಗಡಸಾದರೆ, ಅಥವಾ ನಾವು ಸಿಟ್ಟಿನಿಂದ ಬಿಗಿದು ಬಿಗಿದು ಅದರಲ್ಲಿ ಉಂಗುರದ ಗುರುತು ಕೊರೆದರೆ, ಕೂದಲೆಳೆಯಷ್ಟು ಸಂದು ಉಳಿಯುತ್ತದೆ.

ಆ ಸಂದಿನಲ್ಲಿ ಏನಾಗುತ್ತದೆಂಬುದೇ ಇಡೀ ವಿಷಯದ ಜೀವಾಳ. ತಾರಸಿಯ ಟ್ಯಾಂಕ್ ನಿಮ್ಮ ನಲ್ಲಿಗಿಂತ 20 ಮೀಟರ್ ಮೇಲಿದೆ ಎನ್ನೋಣ. ಪ್ರತಿ 10 ಮೀಟರಿಗೆ ಒಂದು ಬಾರ್‌ನಂತೆ ಒತ್ತಡ ಎರಡು ಬಾರ್. ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅಷ್ಟು ಒತ್ತಡದ ನೀರು ಸಂದಿನಿಂದ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನುಗ್ಗಬಲ್ಲದು. ಗಂಟೆಗೆ 72 ಕಿಲೋಮೀಟರ್, ಸಾಂತಾಕ್ರೂಜ್‌ನಲ್ಲಿ ನಿಲ್ಲದೆ ಹಾದುಹೋಗುವ ಫಾಸ್ಟ್ ಲೋಕಲ್‌ನಂತೆ. ಘರ್ಷಣೆ ಅದರಲ್ಲಿ ಬಹುಪಾಲನ್ನು ತಿಂದರೂ, ಸಣ್ಣ ಮರಳು, ತುಕ್ಕಿನ ಪುಡಿ ಹೊತ್ತ ನೀರು ಹಗಲೂ ರಾತ್ರಿ ಅದೇ ಒಂದು ಜಾಗದಲ್ಲಿ ಹಾಯ್ದರೆ ಹಿತ್ತಾಳೆಯ ಸೀಟಿನಲ್ಲಿ ಗೀರು ಬೀಳುತ್ತದೆ. ಗೀರು ಬಿದ್ದ ಮೇಲೆ ಹೊಸ ವಾಷರ್ ಹಾಕಿದರೂ ಪ್ರಯೋಜನವಿಲ್ಲ. ಸೀಟನ್ನು ಉಜ್ಜಿ ನುಣುಪು ಮಾಡುವ ಸಾಧನವಿದೆ. ಆದರೆ ಇಲ್ಲಿನ ಪ್ಲಂಬರುಗಳ ಚೀಲದಲ್ಲಿ ಅದು ಕಾಣುವುದು ಅಪರೂಪ. 'ನಲ್ಲಿನೇ ಬದಲಾಯಿಸಿ ಸಾಬ್' ಎಂಬುದು ಸಿದ್ಧ ಉತ್ತರ. ಪ್ಲಾಸ್ಟಿಕ್ಕಿನದಾದರೆ ನೂರಿನ್ನೂರು, ಹೆಸರಿರುವ ಕಂಪನಿಯ ಹಿತ್ತಾಳೆಯದಾದರೆ ಸಾವಿರದ ಅತ್ತಿತ್ತ. ಹತ್ತು ರೂಪಾಯಿಯ ಕೆಲಸ ತಡಮಾಡಿದ್ದಕ್ಕೆ ನೂರು ಪಟ್ಟು ದಂಡ.

ಕಾಲು ಸುತ್ತಿಗೇ ಬಂದಾಗುವ ಹೊಸ ನಲ್ಲಿಗಳಲ್ಲಿ ವಾಷರ್ ಇಲ್ಲ. ಅಲ್ಲಿ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ; ತೂತಿಗೆ ತೂತು ಸೇರಿದರೆ ನೀರು, ತಪ್ಪಿದರೆ ಬಂದ್. ಬಿಲ್ಲೆಗಳು ಅಲ್ಯುಮಿನಿಯಂ ಆಕ್ಸೈಡಿನವು, ಮರಳಿಗಿಂತ ಗಡಸು, ವರ್ಷಗಟ್ಟಲೆ ಸವೆಯುವುದಿಲ್ಲ. ಕೆಟ್ಟರೆ ಮಾತ್ರ ಆ ಬಿಲ್ಲೆಗಳನ್ನು ಹಿಡಿದಿರುವ ಕಾರ್ಟ್ರಿಜ್ ಪೂರ್ತಿ ಬದಲಾಗಬೇಕು, ಮತ್ತು ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ. ಆದ್ದರಿಂದ ನಲ್ಲಿ ಕೊಳ್ಳುವಾಗ ಹೊಳಪಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಇದರ ಕಾರ್ಟ್ರಿಜ್ ಇದೇ ಅಂಗಡಿಯಲ್ಲಿ ಸಿಗುತ್ತದೆಯೇ ಎಂಬುದು. ಬಿಸಿನೀರು, ತಣ್ಣೀರು ಬೆರೆಸುವ ವಿದೇಶಿ ಮಾದರಿಯ ದುಬಾರಿ ಮಿಕ್ಸರುಗಳ ಇನ್ನೊಂದು ತೊಡಕು ಒತ್ತಡದ್ದು. ಟ್ಯಾಂಕಿನ ಕೆಳಗೇ ಇರುವ ಕೊನೆಯ ಮಹಡಿಯಲ್ಲಿ ಅರ್ಧ ಬಾರ್ ಕೂಡ ಇರುವುದಿಲ್ಲ. ಅಲ್ಲಿ ಮೂರು ಬಾರ್‌ಗೆಂದು ಮಾಡಿದ ಶವರ್ ಹಾಕಿಸಿದರೆ ಸ್ನಾನಕ್ಕೆ ಮತ್ತೆ ಬಕೆಟ್ಟೇ ಗತಿ. ಕೆಳಮಹಡಿಯವರ ಗೋಳು ಬೇರೆ: ಹೆಚ್ಚು ಒತ್ತಡ, ಬೇಗ ಸವೆತ, ನಲ್ಲಿ ತಟಕ್ಕನೆ ಮುಚ್ಚಿದಾಗ ಪೈಪಿನಲ್ಲಿ 'ಢಂ' ಎಂಬ ಹೊಡೆತ.

ಹೊಸ ನಲ್ಲಿಗೆ ಹಣ ತೆಗೆದಿಡುವ ಮೊದಲು ಬಾಯಿಯ ಜಾಲರಿಯನ್ನೊಮ್ಮೆ ಬಿಚ್ಚಿ ನೋಡಿ. ಏರೇಟರ್ ಎಂಬ ಆ ಪುಟ್ಟ ಬಿರಡೆ ನೀರಿಗೆ ಗಾಳಿ ಬೆರೆಸಿ ಹರಿವನ್ನು ಅರ್ಧಕ್ಕೂ ಕಡಿಮೆ ಮಾಡಬಲ್ಲದು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡ, ಹೋಟೆಲು, ಅಪಾರ್ಟ್‌ಮೆಂಟುಗಳಿಗೆ ಇದನ್ನು ಕಡ್ಡಾಯ ಮಾಡಿತ್ತು. ನೀರು ಕಡಿತವಾಗಿ ಮರಳಿ ಬಂದಾಗ ಪೈಪಿನ ತುಕ್ಕೆಲ್ಲ ಅದರಲ್ಲೇ ಬಂದು ಕೂರುತ್ತದೆ. ಬೋರ್‌ವೆಲ್ ನೀರಿನ ಊರುಗಳಲ್ಲಾದರೆ ಬಿಳಿ ಸುಣ್ಣ ಕಟ್ಟುತ್ತದೆ. ನಿಂಬೆರಸ ಇಲ್ಲವೇ ವಿನೆಗರ್‌ನಲ್ಲಿ ನೆನೆಸಿದರೆ ಬಿಡುತ್ತದೆ. ನಲ್ಲಿ ಕೆಟ್ಟಿದೆ ಎಂದು ತೀರ್ಪು ಕೊಟ್ಟ ಎಷ್ಟೋ ಕಡೆ ಕೆಟ್ಟಿರುವುದು ಈ ಜಾಲರಿ ಮಾತ್ರ.

ಖರ್ಚು ನಿಜಕ್ಕೂ ಕೈಮೀರುವುದು ಗೋಡೆಯೊಳಗೆ. ಸಾಂತಾಕ್ರೂಜ್‌ನ ಹಳೆಯ ಕಟ್ಟಡಗಳಲ್ಲಿ ಸತು ಲೇಪಿಸಿದ ಕಬ್ಬಿಣದ ಪೈಪುಗಳು ಇನ್ನೂ ಇವೆ. ಕಬ್ಬಿಣಕ್ಕೆ ಹಿತ್ತಾಳೆ ಸೇರಿ ನಡುವೆ ನೀರಿದ್ದರೆ ಒಂದು ಪುಟ್ಟ ವಿದ್ಯುತ್ಕೋಶವೇ ಆಯಿತು. ಅದರಲ್ಲಿ ಕರಗುವುದು ಕಬ್ಬಿಣ. ಮೂವತ್ತು ವರ್ಷ ಕಳೆದ ನಲ್ಲಿಗೆ ಪಾನಾ ಹಾಕಿ ತಿರುಗಿಸಿದರೆ ನಲ್ಲಿಯ ಜೊತೆ ಪೈಪಿನ ತಿರುಪು ತುದಿಯೂ ಮುರಿದು ಬರುತ್ತದೆ. ಆಮೇಲೆ ಟೈಲ್ಸ್ ಒಡೆಯಬೇಕು, ಗಾರೆಯವನು ಬರಬೇಕು, ಅದೇ ಬಣ್ಣದ ಟೈಲ್ಸ್ ಈಗ ಸಿಗುವುದಿಲ್ಲ. ನೀರು ಕೆಳಮನೆಯ ಚಾವಣಿಗೆ ಇಳಿದರಂತೂ ಸೊಸೈಟಿಯ ಸಭೆ ಕರೆಯಬೇಕು. ಮಹಾರಾಷ್ಟ್ರದ ವಸತಿ ಸಹಕಾರ ಸಂಘಗಳ ಮಾದರಿ ಉಪವಿಧಿಗಳ ಪ್ರಕಾರ ಮನೆಯೊಳಗಿನ ಸಂಡಾಸ, ಸಿಂಕುಗಳ ಸೋರಿಕೆಯ ಖರ್ಚು ಆ ಮನೆಯವರದ್ದೇ.

ಇನ್ನು ಹೀಗೆ ಸೋರುವ ನೀರು ಬರುವುದಾದರೂ ಎಲ್ಲಿಂದ? 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾದದ್ದು ಎಲ್ಲರಿಗೂ ನೆನಪಿದೆ. ಆದರೆ ಈ ಊರಿನ ನಲ್ಲಿಗೆ ಬರುವುದು ಇಲ್ಲಿ ಬಿದ್ದ ಮಳೆಯಲ್ಲ. ಮುಂಬಯಿಗೆ ನೀರು ಕೊಡುವ ಏಳು ಕೆರೆಗಳಲ್ಲಿ ವಿಹಾರ್, ತುಳಸಿ ಮಾತ್ರ ನಗರದೊಳಗಿನ ಸಣ್ಣವು. ಉಳಿದ ತಾನ್ಸಾ, ಭಾತ್ಸಾ, ವೈತರಣಾಗಳೆಲ್ಲ ದೂರದ ಸಹ್ಯಾದ್ರಿ ತಪ್ಪಲಿನವು. ಅವು ಬತ್ತುತ್ತ ಬಂದಿದ್ದರಿಂದ 2024ರ ಜೂನ್ 5ರಿಂದ ಪಾಲಿಕೆ ಶೇ 10 ನೀರು ಕಡಿತ ಮಾಡಬೇಕಾಯಿತು. ಹತ್ತು ರೂಪಾಯಿಯೊಳಗಿನ ದರದಲ್ಲಿ ಅಷ್ಟು ದೂರದಿಂದ ನೀರು ತರುವ ಖರ್ಚಾಗಲಿ, ಈ ಕೊರತೆಯಾಗಲಿ ಕಾಣಿಸುವುದಿಲ್ಲ.

ದರ ಏರಿಸಿ ಎಂದು ನಾನು ಹೇಳಲಾರೆ, ಬಡವರ ಮನೆಯಲ್ಲೂ ನಲ್ಲಿ ಇದೆ. ಓಡಾಟದ ಖರ್ಚನ್ನಾದರೂ ಹಂಚಿಕೊಳ್ಳಬಹುದಲ್ಲ. ಪ್ರತಿ ಸೊಸೈಟಿ ಮಳೆಗಾಲಕ್ಕೆ ಮೊದಲು ಒಂದು ಭಾನುವಾರ ಪ್ಲಂಬರನನ್ನು ದಿನದ ಕೂಲಿಗೆ ಕರೆದು ಎಲ್ಲ ಮನೆಗಳ ನಲ್ಲಿ ನೋಡಿಸಿದರೆ ಮನೆಗೆ ಬೀಳುವುದು ಐವತ್ತು ರೂಪಾಯಿಯ ಲೆಕ್ಕ. ಸಾಂತಾಕ್ರೂಜ್ ಪೂರ್ವದಲ್ಲೇ ಬಿಲ್ಲವ ಭವನವಿದೆ, ಪೇಜಾವರ ಮಠವಿದೆ, ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ ನಡೆಸಿ ಪಳಗಿದ ಮುಂಬಯಿ ಕನ್ನಡ ಸಂಘಗಳು ಈ ವರ್ಷ ಒಂದು ನಲ್ಲಿ ರಿಪೇರಿ ಶಿಬಿರವನ್ನೂ ಪಟ್ಟಿಗೆ ಸೇರಿಸಿಕೊಳ್ಳಲಿ. ಬೇಕಾದದ್ದು ಒಬ್ಬ ಪ್ಲಂಬರ್, ಒಂದು ಡಬ್ಬಿ ವಾಷರ್ ಮತ್ತು ಬಾಗಿಲು ತಟ್ಟಲು ಇಬ್ಬರು ಹುಡುಗರು.