ಓಜೋನ್ ಕಲಿಸಿದ ಪಾಠ

ವಿಶ್ವಸಂಸ್ಥೆಯ ಎಲ್ಲ ಸದಸ್ಯ ರಾಷ್ಟ್ರಗಳೂ ಒಪ್ಪಿ, ಒಪ್ಪಿದಂತೆ ನಡೆದೂ ತೋರಿಸಿದ ಪರಿಸರ ಒಪ್ಪಂದವೊಂದಿದೆಯೇ? ಇದೆ. ಓಜೋನ್ ಪದರದ ರಕ್ಷಣೆಗಾಗಿ 1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಆದ ಒಪ್ಪಂದವೇ ಅದು. ಭೂಮಿಯ ತಾಪ ಏರುವುದನ್ನು ತಡೆಯಲು ಪ್ರತಿ ವರ್ಷ ಸಭೆ ಸೇರುವ ರಾಷ್ಟ್ರಗಳು ಇದರಿಂದ ಕಲಿಯಬೇಕಾದದ್ದು ಬಹಳಷ್ಟಿದೆ.

ಫ್ರಿಜ್, ಹವಾನಿಯಂತ್ರಕಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳು ಓಜೋನ್ ಪದರಕ್ಕೆ ಮಾರಕವೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಎಚ್ಚರಿಸಿದ್ದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಜೋನ್ ರಂಧ್ರದ ಸುದ್ದಿ ಹೊರಬಿತ್ತು. ಎರಡೇ ವರ್ಷದಲ್ಲಿ ಒಪ್ಪಂದ ಸಿದ್ಧವಾಯಿತು.

ಅದರ ಯಶಸ್ಸಿಗೆ ಮುಖ್ಯವಾಗಿ ಮೂರು ಕಾರಣಗಳು. ಬಡ ರಾಷ್ಟ್ರಗಳಿಗೆ 10 ವರ್ಷಗಳ ಹೆಚ್ಚುವರಿ ಕಾಲಾವಕಾಶ ಸಿಕ್ಕಿತು. ಹೊರಗುಳಿದವರೊಡನೆ ಈ ಅನಿಲಗಳ ವ್ಯಾಪಾರಕ್ಕೆ ನಿರ್ಬಂಧ ಬಿತ್ತು. ಮೂರನೆಯದು ಹಣ. ಶ್ರೀಮಂತರು ಮಾಡಿದ ಹಾನಿಗೆ ತಾವೇಕೆ ವೆಚ್ಚ ಭರಿಸಬೇಕೆಂದು ಭಾರತ, ಚೀನಾ ಮೊದಲು ದೂರವೇ ನಿಂತವು. 1990ರಲ್ಲಿ ಲಂಡನ್ ಸಭೆ ಇದಕ್ಕಾಗಿ ವಿಶೇಷ ನಿಧಿ ಸ್ಥಾಪಿಸಿತು. 1992ರಲ್ಲಿ ಭಾರತವೂ ಒಳಬಂದಿತು.

ತಾಪಮಾನದ ವಿಷಯದಲ್ಲಿ ಆದದ್ದೇ ಬೇರೆ. 1997ರ ಕ್ಯೋಟೊ ಒಪ್ಪಂದ ಶ್ರೀಮಂತ ರಾಷ್ಟ್ರಗಳಿಗೆ ಕಡ್ಡಾಯ ಮಿತಿ ಹಾಕಿತು. ಅಮೆರಿಕ ಅದನ್ನು ಅಂಗೀಕರಿಸಲೇ ಇಲ್ಲ. 2015ರ ಪ್ಯಾರಿಸ್ ಒಪ್ಪಂದದಲ್ಲಿ ತನ್ನ ಗುರಿಯನ್ನು ಆಯಾ ದೇಶವೇ ಬರೆದುಕೊಳ್ಳುತ್ತದೆ, ತಪ್ಪಿದರೆ ದಂಡವಿಲ್ಲ. ಅಮೆರಿಕ 2020ರಲ್ಲಿ ಹೊರನಡೆದು, 2021ರಲ್ಲಿ ಮರಳಿ, 2025ರಲ್ಲಿ ಮತ್ತೆ ಹೊರಹೋಗುವ ಆದೇಶ ಹೊರಡಿಸಿತು. 2020ರ ವೇಳೆಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವುದಾಗಿ ಶ್ರೀಮಂತ ರಾಷ್ಟ್ರಗಳು 2009ರಲ್ಲಿ ಕೊಟ್ಟ ಮಾತು, ಅವರದೇ ಲೆಕ್ಕದ ಪ್ರಕಾರ ಈಡೇರಿದ್ದು 2022ರಲ್ಲಿ. 2024ರ ಬಾಕು ಸಭೆ 2035ರ ವೇಳೆಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂದಾಗ, ಇದು ಸಾಲದೆಂದು ಭಾರತ ಅಲ್ಲೇ ಪ್ರತಿಭಟಿಸಿತು.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ನಿಜ. ಓಜೋನ್ ನಾಶಕ ಅನಿಲ ತಯಾರಿಸುವ ಕಂಪೆನಿಗಳು ಕೆಲವೇ ಇದ್ದವು, ಬದಲಿ ಅನಿಲವೂ ಸಿಕ್ಕಿತು. ಕಲ್ಲಿದ್ದಲು, ತೈಲವಾದರೋ ವಿದ್ಯುತ್ತಿನಿಂದ ಬಸ್ಸಿನವರೆಗೆ ಎಲ್ಲದಕ್ಕೂ ಬೇಕು.

ಆದರೂ ದಾರಿಯೊಂದು ಕಾಣುತ್ತಿದೆ. ಆ ಬದಲಿ ಅನಿಲಗಳೇ ಭೂಮಿಯನ್ನು ವಿಪರೀತ ಬಿಸಿ ಮಾಡುತ್ತವೆಂದು ತಿಳಿದಾಗ, 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೇ ತಿದ್ದುಪಡಿ ತಂದು ಅವುಗಳ ಕಡಿತವನ್ನೂ ಸೇರಿಸಲಾಯಿತು. ಭಾರತ 2032ರಿಂದ ಕಡಿತ ಆರಂಭಿಸಬೇಕು. ಇಂಥ ಅನಿಲ, ಇಷ್ಟು ಗಡುವು, ಇಂತಿಷ್ಟು ನೆರವು ಎಂದು ಖಚಿತವಾಗಿ ಬರೆದರೆ ರಾಷ್ಟ್ರಗಳು ಒಪ್ಪುತ್ತವೆ ಎಂಬುದಕ್ಕೆ ಇದು ಸಾಕ್ಷಿ. ಮುಂದಿನ ಮಾತುಕತೆಗಳು ಫಲಿಸಬೇಕಾದರೆ ಮೊದಲು ಇತ್ಯರ್ಥವಾಗಬೇಕಾದದ್ದು ವೆಚ್ಚ ಯಾರದೆಂಬ ಪ್ರಶ್ನೆಯೇ.