ಸ್ಟೀರಾಯ್ಡ್ ಮಾತ್ರೆ ಮತ್ತು ಸವೆಯುವ ಮೂಳೆ

ವುಝೂ ಮಾಡುವಲ್ಲಿ ಕಾಲು ಜಾರಿ ಬಿದ್ದು ಅಜ್ಜಿಯ ಸೊಂಟದ ಮೂಳೆ ಮುರಿಯಿತು ಎಂಬ ಸುದ್ದಿ ನಮಗೆ ಹೊಸದೇನಲ್ಲ. ಒದ್ದೆ ನೆಲವನ್ನು ದೂರಿ ಸುಮ್ಮನಾಗುತ್ತೇವೆ. ಅದೇ ನೆಲದಲ್ಲಿ ಮೊಮ್ಮಗಳೂ ಬಿದ್ದಿರಬಹುದು. ಅವಳು ಎದ್ದು ಬಟ್ಟೆ ಕೊಡವಿಕೊಂಡು ಹೋಗಿರುತ್ತಾಳೆ. ಅಜ್ಜಿಯ ಮೂಳೆ ಮಾತ್ರ ಎಷ್ಟೋ ವರ್ಷಗಳ ಮೊದಲೇ ಒಳಗಿನಿಂದ ಸವೆಯತೊಡಗಿತ್ತು.

ಮೂಳೆ ಕಲ್ಲಿನಂತೆ ಜಡವಲ್ಲ. ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿರುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತಿರುತ್ತವೆ. ವಯಸ್ಕರ ಅಸ್ಥಿಪಂಜರದ ಸುಮಾರು ಶೇ. 10 ಭಾಗ ಪ್ರತಿ ವರ್ಷ ಹೀಗೆ ಹೊಸದಾಗುತ್ತದೆ. ಸೋಜಿಗವೆಂದರೆ, ಕೆಡಹುವವರನ್ನು ಕರೆಯುವುದು ಕಟ್ಟುವ ಬಳಗದ ಕೋಶಗಳೇ. ಅವು ರ‍್ಯಾಂಕ್‌ಎಲ್ ಎಂಬ ಪ್ರೊಟೀನನ್ನು ಮುಂದೊಡ್ಡಿದಾಗ ಮಜ್ಜೆಯ ಎಳೆಯ ಕೋಶಗಳು ಆಸ್ಟಿಯೋಕ್ಲಾಸ್ಟ್‌ಗಳಾಗಿ ಬೆಳೆಯುತ್ತವೆ. ಕರೆ ಅತಿಯಾಗದಂತೆ ಅದನ್ನು ತಡೆಹಿಡಿಯಲು ಓಪಿಜಿ ಎಂಬ ಇನ್ನೊಂದು ಪ್ರೊಟೀನ್ ಇದೆ.

ಈ ಲೆಕ್ಕಾಚಾರದಲ್ಲಿ ರೋಗನಿರೋಧಕ ವ್ಯವಸ್ಥೆಯೂ ಕೈಹಾಕುತ್ತದೆ. ಸೋಂಕು ಅಥವಾ ಉರಿಯೂತ ಇದ್ದಾಗ ರೋಗನಿರೋಧಕ ಕೋಶಗಳು ಪರಸ್ಪರ ಕಳುಹಿಸುವ ಸಂದೇಶ ಕಣಗಳಿಗೆ ಸೈಟೋಕೈನ್ ಎನ್ನುತ್ತಾರೆ. ಅವುಗಳಲ್ಲಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಮತ್ತು ಇಂಟರ್‌ಲ್ಯೂಕಿನ್-6 ಮೂಳೆ ಕರಗಿಸುವ ಕೋಶಗಳನ್ನು ಹೆಚ್ಚಿಸುತ್ತವೆ. ಆಮವಾತದಲ್ಲಿ ಕೀಲಿನ ಸುತ್ತಲ ಮೂಳೆ ತಿಂದುಹೋಗುವುದು ಇವುಗಳಿಂದಲೇ.

ಹೆಣ್ಣಿನ ದೇಹದಲ್ಲಿ ಈ ಸಂದೇಶಗಳಿಗೆ ಕಡಿವಾಣ ಹಾಕುವುದು ಈಸ್ಟ್ರೋಜನ್. ಇದೂ ಒಂದು ಸ್ಟೀರಾಯ್ಡ್ ಹಾರ್ಮೋನ್. ಕೋಶದೊಳಗೆ ಹೋಗಿ ಸೈಟೋಕೈನ್ ತಯಾರಿಸುವ ವಂಶವಾಹಿಗಳನ್ನು ತಗ್ಗಿಸುತ್ತದೆ, ಓಪಿಜಿಯನ್ನು ಹೆಚ್ಚಿಸುತ್ತದೆ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದಕ್ಕೆ ಈಸ್ಟ್ರೋಜನ್ ಕೊರತೆಯೇ ಕಾರಣವೆಂದು ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1940ರ ದಶಕದಲ್ಲೇ ಹೇಳಿದ್ದರು. ಆದರೆ ನಡುವಿನ ಕೊಂಡಿ ಸಿಕ್ಕಿದ್ದು ಬಹಳ ತಡವಾಗಿ. 1992ರಲ್ಲಿ, ಅಂಡಾಶಯ ತೆಗೆದ ಇಲಿಗಳಲ್ಲಿ ಇಂಟರ್‌ಲ್ಯೂಕಿನ್-6 ಅನ್ನು ತಡೆದಾಗ ಮೂಳೆ ಕರಗಿಸುವ ಕೋಶಗಳು ಹೆಚ್ಚಾಗಲಿಲ್ಲ ಎಂಬುದು ಕಂಡುಬಂತು.

ಹಾಗಾದರೆ ಸೈಟೋಕೈನ್‌ಗಳನ್ನು ಅಡಗಿಸುವ ಮದ್ದು ಮೂಳೆಗೆ ಒಳ್ಳೆಯದಲ್ಲವೇ? ಇಲ್ಲಿಯೇ ತೊಡಕಿರುವುದು. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಮಾತ್ರೆಗಳು ಉರಿಯೂತವನ್ನು ಅಡಗಿಸುವುದರಲ್ಲಿ ನಿಸ್ಸೀಮ. ಈ ಬಗೆಯ ಮೊದಲ ಮದ್ದಾದ ಕಾರ್ಟಿಸೋನನ್ನು 1948ರಲ್ಲಿ ಆಮವಾತದ ರೋಗಿಗೆ ಕೊಟ್ಟಾಗ ಹಾಸಿಗೆ ಹಿಡಿದವರು ಎದ್ದು ನಡೆದರು. 1950ರಲ್ಲಿ ಆ ಕೆಲಸಕ್ಕೆ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಇದೇ ಮದ್ದು ಆಸ್ಟಿಯೋಬ್ಲಾಸ್ಟ್‌ಗಳನ್ನು ಸಾಯಿಸುತ್ತದೆ, ಓಪಿಜಿಯನ್ನು ತಗ್ಗಿಸುತ್ತದೆ, ಕರಗಿಸುವ ಕೋಶಗಳ ಆಯುಷ್ಯ ಹೆಚ್ಚಿಸುತ್ತದೆ. ಕರುಳು ಕ್ಯಾಲ್ಸಿಯಂ ಹೀರುವುದನ್ನೂ ಕಡಿಮೆ ಮಾಡುತ್ತದೆ. ಸವೆತ ಅತಿ ವೇಗವಾಗಿರುವುದು ಮೊದಲ 3ರಿಂದ 6 ತಿಂಗಳಲ್ಲಿ. ನೋವು ಮಾಯವಾದ ಖುಷಿಯಲ್ಲಿ ಅದು ಗೊತ್ತೇ ಆಗುವುದಿಲ್ಲ.

ಚೀಟಿ ಇಲ್ಲದೆ ಅಂಗಡಿಯಿಂದ ತರುವ ಮಾತ್ರೆಯ ಬಗ್ಗೆ ನಮಗೆ ಭಯವಿರಬೇಕಾದ್ದು ಇದಕ್ಕಾಗಿ. ಗಂಟುನೋವಿಗೆಂದು ಮಾರುವ ಕೆಲವು ಹೆಸರಿಲ್ಲದ ಪುಡಿಗಳಲ್ಲೂ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಎರಡೇ ದಿನದಲ್ಲಿ ಪವಾಡದಂತೆ ನೋವು ಇಳಿದರೆ ಸಂಶಯ ಪಡಿ. ಹಾಗೆಂದು ಅಸ್ತಮಾದ ಇನ್‌ಹೇಲರನ್ನು ಎಸೆಯಬೇಡಿ, ಅದರಲ್ಲಿರುವ ಪ್ರಮಾಣ ಬಹಳ ಕಡಿಮೆ. ವೈದ್ಯರೇ ದಿನಕ್ಕೆ 2.5 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೋಲೋನನ್ನು 3 ತಿಂಗಳು ಮೀರಿ ಬರೆದಿದ್ದರೆ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ, ಮೂಳೆ ಉಳಿಸುವ ಮದ್ದು ಬೇಕೇ ಎಂದು ಕೇಳಿ. ಮೈ ಪೂರ್ತಿ ಮುಚ್ಚುವ ಉಡುಪಿನಿಂದಾಗಿ ನಮ್ಮ ಹೆಂಗಸರಲ್ಲಿ ವಿಟಮಿನ್ ಡಿ ಕೊರತೆ ಆಗಬಹುದು, ಅದನ್ನೂ ಪರೀಕ್ಷಿಸಿಕೊಳ್ಳಬೇಕು. ಮರೆಯಿರುವ ಅಂಗಳ ಅಥವಾ ತಾರಸಿಯಿದ್ದರೆ ಕೈಕಾಲಿಗೆ ಸ್ವಲ್ಪ ಬಿಸಿಲು ತಾಗಲಿ.

ಇನ್ನೊಂದು ಮಾತು ರಮಝಾನಿನದು. ಉಪವಾಸವೆಂದು ತಿಂಗಳುಗಟ್ಟಲೆ ತಿನ್ನುತ್ತಿದ್ದ ಸ್ಟೀರಾಯ್ಡ್ ಮಾತ್ರೆಯನ್ನು ಒಮ್ಮೆಲೇ ಬಿಡುವವರಿದ್ದಾರೆ. ಮಾತ್ರೆ ಸಿಗುತ್ತಿದ್ದ ಕಾರಣ ದೇಹದ ಸ್ವಂತ ಗ್ರಂಥಿ ಕಾರ್ಟಿಸೋಲ್ ಮಾಡುವುದನ್ನು ನಿಲ್ಲಿಸಿರುತ್ತದೆ. ಹಠಾತ್ತನೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ರೋಗಿಗೆ ಉಪವಾಸದಿಂದ ರಿಯಾಯಿತಿ ಕುರ್‌ಆನಿನಲ್ಲೇ ಇದೆ. ಉಪವಾಸ ಹಿಡಿಯಲೇಬೇಕೆಂಬ ಮನಸ್ಸಿದ್ದರೆ ಶಅಬಾನ್ ತಿಂಗಳಲ್ಲೇ ವೈದ್ಯರನ್ನು ಕಾಣಿರಿ. ದಿನಕ್ಕೊಮ್ಮೆಯ ಮಾತ್ರೆಯಾದರೆ ಅದನ್ನು ಸಹ್ರಿಯ ಊಟದೊಂದಿಗೆ ಹೊಂದಿಸಲು ಸಾಧ್ಯವೇ ಎಂದು ಅವರು ನೋಡಿ ಹೇಳುತ್ತಾರೆ.